ಬ್ಯಾಟರಿ ಸಾಯಲೆಂದು ಕಾದವಳು

ಊರೆಲ್ಲ ಬೆಸುಗೆ ಅಕ್ಕ ಎಂದು ಕರೆಯುತ್ತಿದ್ದವಳು ತೀರಿಕೊಂಡ ದಿನ ಬಂದವರೆಲ್ಲ ಅವಳದು ಬೆಣ್ಣೆಯಂಥ ಮನಸ್ಸು ಎಂದರು. ಅಲ್ಲ. ಒಬ್ಬನ ಮೇಲಿನ ಹಗೆಯನ್ನು ಅವಳು ವರ್ಷಗಟ್ಟಲೆ ಆರದಂತೆ ಕಾಪಾಡಿಕೊಂಡವಳು.

ಮಹಡಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅವಳು ಹಳೆಯ ಸಿಂಥಸೈಜರ್, ಸ್ಯಾಂಪ್ಲರ್‌ನಂಥ ಕರೆಂಟಿನ ವಾದ್ಯಗಳನ್ನು ಬೆಸುಗೆ ಹಾಕಿ ರಿಪೇರಿ ಮಾಡುತ್ತಿದ್ದಳು. ಆ ಕೆಲಸ ಬಲ್ಲವರು ಊರಲ್ಲಿ ಬೇರೆ ಇರಲಿಲ್ಲ. ಅವಳು ಕಲಿತದ್ದು ತಮ್ಮನಿಗಾಗಿ. ಅವನು ಸಿಂಥಸೈಜರಿನ ಗುಂಡಿಗಳನ್ನು ತಿರುಗಿಸುತ್ತ ಕೂತರೆ ಊಟದ ಪರಿವೆಯೂ ಇರುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅಮ್ಮನ ಹೊಲಿಗೆ ಯಂತ್ರ ಓಡಿದಂಥ ದನಿ, ಕೊಡ ತುಂಬಿಬಂದಂಥ ದನಿ, ಹೀಗೆ ಯಾರೂ ಕೇಳಿರದವನ್ನು ಹುಟ್ಟಿಸುತ್ತಿದ್ದ. ಜ್ವರ ಅವನನ್ನು ಕೊಂಡೊಯ್ದಿತು. ಮನೆಯಲ್ಲಿ ಅಳು ನಿಲ್ಲುವ ಮೊದಲೇ ಅವನ ಜೊತೆಗಾರ, ಎಲ್ಲರ ಬಾಯಲ್ಲಿ ಕಪ್ಪುಕನ್ನಡಕ ಎಂದೇ ಹೆಸರಾದವನು, “ನೆನಪಿಗೆ ಇಟ್ಕೋತೀನಕ್ಕಾ” ಎಂದು ಸಿಂಥಸೈಜರನ್ನು ಹೊತ್ತುಕೊಂಡು ಹೋದ. ಆ ದನಿಗಳಿಂದಲೇ ದೊಡ್ಡ ಮನುಷ್ಯನಾದ. ತಮ್ಮನ ಹೆಸರನ್ನು ಎಲ್ಲಿಯೂ ಎತ್ತಲಿಲ್ಲ.

ಅಕ್ಕ ಜಗಳಕ್ಕೆ ಹೋಗಲಿಲ್ಲ. ಆ ಯಂತ್ರದಲ್ಲಿ ದನಿಗಳು ಉಳಿದಿರುವುದು ಒಳಗಿನ ಪುಟ್ಟ ಬ್ಯಾಟರಿಯ ದಯೆಯಿಂದ. ಅದು ಒಂದಲ್ಲ ಒಂದು ದಿನ ಸೊರಗುತ್ತದೆ. ಬದಲಿಸಲು ಕಿತ್ತರೆ ದನಿಗಳೆಲ್ಲ ಅಳಿಸಿಹೋಗುತ್ತವೆ. ಅದಕ್ಕೇ ಮೊದಲು ಅವನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳಬೇಕು, ಆಮೇಲೆ ಯಂತ್ರಕ್ಕೆ ಮರಳಿ ತುಂಬಬೇಕು. “ಬರ್ತಾನೆ. ನನ್ನ ಹತ್ರಾನೇ ಬರ್ಬೇಕು” ಎನ್ನುತ್ತಿದ್ದಳು.

ಬಂದ. ಹಿಂದೆ ಸಿಂಥಸೈಜರ್ ಹೊತ್ತ ಇಬ್ಬರು ಶಿಷ್ಯರು.

“ಏನಕ್ಕಾ, ಇನ್ನೂ ಈ ಗೂಡಲ್ಲೇ ಇದೀಯಾ? ಒಂದು ಬ್ಯಾಟರಿ ಹಾಕ್ಕೊಡು.”

“ಹಾಕಿದ್ರೆ ಒಳಗಿರೋ ದನಿ ಹೋಗ್ತವಪ್ಪಾ. ಮೊದ್ಲು ಕ್ಯಾಸೆಟ್ಟಿಗೆ ಇಳಿಸ್ಕೊಳ್ಲಾ? ಅವು ಯಾರು ಮಾಡಿದ್ದು ಅಂತ ಹೇಳು, ಸಾಕು.”

ಶಿಷ್ಯರು ಅವನ ಮುಖ ನೋಡಿದರು. ತಮ್ಮನ ಹೆಸರು ಹೇಳಿದ್ದರೆ ಅವಳು ಇಳಿಸಿಕೊಡುತ್ತಿದ್ದಳು. ಕೊನೆಯ ಅವಕಾಶವೆಂದೇ ಕೇಳಿದ್ದಳು.

“ಯಾರು ಮಾಡಿದ್ದು ಅಂದ್ರೆ? ನಾನೇ! ಹೋದ್ರೆ ಹೋಗ್ಲಿ ಬಿಡು, ಒಂದು ಮಧ್ಯಾಹ್ನ ಕೂತ್ರೆ ಮತ್ತೆ ಮಾಡ್ಕೋತೀನಿ.”

“ಆಯ್ತಪ್ಪಾ.”

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಹೆಡ್‌ಫೋನ್ ಹಾಕಿದಳು. ತಮ್ಮನ ಒಂದೊಂದು ದನಿಯನ್ನೂ ನುಡಿಸಿ ಕೇಳಿದಳು. ಹೊಲಿಗೆ ಯಂತ್ರದ್ದನ್ನು ಮಾತ್ರ ಎರಡು ಸಲ. ಖಾಲಿ ಕ್ಯಾಸೆಟ್ಟು ಕೈಗೆ ಎಟುಕುವಲ್ಲೇ ಇತ್ತು, ಮುಟ್ಟಲಿಲ್ಲ. ಕಾದ ಬೆಸುಗೆ ಕಡ್ಡಿ ತಗುಲಿಸಿ ಬ್ಯಾಟರಿ ಕಿತ್ತಳು.

ಮರುದಿನವೇ ಫೋನು.

“ಅಕ್ಕಾ, ಏನೂ ಇಲ್ವಲ್ಲಾ ಇದ್ರಲ್ಲಿ! ಬರೀ ಗುಂಯ್ ಅಂತಿದೆ!”

“ಮಧ್ಯಾಹ್ನ ಆಗ್ಲಿ ಬಿಡಪ್ಪಾ” ಎಂದು ಇಟ್ಟಳು.

ಮುಂದಿನ ಕಛೇರಿಗೆ ಪೋಸ್ಟರು ಆಗಲೇ ಅಂಟಿಸಿಯಾಗಿತ್ತು. ಅಕ್ಕ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ ಎದುರಿನ ಸಾಲಿನಲ್ಲೇ ಕೂತಳು. ಕಪ್ಪುಕನ್ನಡಕ ಗುಂಡಿ ತಿರುಗಿಸಿದ, ಮತ್ತೆ ತಿರುಗಿಸಿದ, ಬೆವರಿದ. ಹೊರಟದ್ದು ಸೊಳ್ಳೆಯ ರಾಗ. ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಾಗ ಎದುರಿಗಿದ್ದವಳನ್ನು ಕಂಡ. ಅವಳು ಕೈ ಮುಗಿಯಲಿಲ್ಲ, ನಗಲೂ ಇಲ್ಲ. ಅವನು ಕಣ್ಣು ತಗ್ಗಿಸುವವರೆಗೂ ನೋಡುತ್ತಲೇ ಇದ್ದಳು.

ವಾಪಸು ಬರುವಾಗ ಗೆಳತಿ ತಡೆಯಲಾರದೆ ಕೇಳಿದಳು: “ಅವನ ಸೊಕ್ಕು ಮುರಿದೆ, ಸರಿ. ನಿನ್ನ ತಮ್ಮನದೂ ಹೋಯ್ತಲ್ಲೇ. ನಿನಗೋಸ್ಕರ ಒಂದು ನಕಲು ಇಟ್ಕೋಬಾರದಿತ್ತಾ?”

ಅಕ್ಕ ಹೆಜ್ಜೆ ನಿಲ್ಲಿಸದೆ ಹೇಳಿದಳು:

“ಇಟ್ಕೊಂಡಿದ್ರೆ ಆ ಕಪ್ಪುಕನ್ನಡಕ ಬಂದು ಅತ್ತಾಗ ಕೊಟ್ಬಿಡ್ತಿದ್ದೆ ಕಣೇ.”