ಖಾಲಿ ಬಿಟ್ಟ ನಂಬರುಗಳು

ದೆವ್ವ, ಭೂತ, ಮೈಮೇಲೆ ಬಂತು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಅಡುಗೆಮನೆಗೆ ಹೋಗುವ ಪೈಕಿ ನಾನು. ನಮ್ಮತ್ತೆ ಹೇಳುತ್ತಿದ್ದ ಕಥೆಗಳಿಗೆ ಅವರ ಮುಖದ ಮುಂದೆಯೇ ನಕ್ಕು ಬೈಸಿಕೊಂಡಿದ್ದೇನೆ. ಇದನ್ನು ಓದಿ ನೀವೂ ನಕ್ಕರೆ ನನಗೆ ಬೇಜಾರಿಲ್ಲ. ಆದರೆ ಇದು ಇನ್ಯಾರೋ ಹೇಳಿದ ಕಥೆಯಲ್ಲ, ನನಗೇ ನಡೆದದ್ದು. ಅದೂ ಅಮಾವಾಸ್ಯೆ ರಾತ್ರಿಯಲ್ಲಲ್ಲ, ಭಾನುವಾರದ ಸುಡುಬಿಸಿಲಿನ ಮಧ್ಯಾಹ್ನ.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ನಂಜನಗೂಡಿನ ಒಂದು ಬಿತ್ತನೆ ಬೀಜದ ಕಂಪನಿಯಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಕೆಲಸ ಕಾಯಂ ಆಗಿರಲಿಲ್ಲ. ನಮ್ಮ ಯಜಮಾನರ ಕಾರ್ಖಾನೆಗೆ ಬೀಗ ಬಿದ್ದು ನಾಲ್ಕು ತಿಂಗಳಾಗಿತ್ತು. ಮನೆ ನಡೆಯುತ್ತಿದ್ದುದು ನನ್ನೊಬ್ಬಳ ಸಂಬಳದಲ್ಲಿ. ಅಂಥ ಹೊತ್ತಿನಲ್ಲಿ ಮ್ಯಾನೇಜರು ಕರೆದು, ಆಫೀಸಿಗೊಂದು ಇಂಟ್ರಾನೆಟ್ ಸೈಟ್ ಮಾಡಬೇಕು ಎಂದರು. ಲೋಕಕ್ಕೆಲ್ಲ ಕಾಣುವ ವೆಬ್‌ಸೈಟ್ ಅಲ್ಲ. ನಂಜನಗೂಡಿನ ಹೆಡ್ಡಾಫೀಸು ಮತ್ತು ಟಿ. ನರಸೀಪುರದ ಬ್ರಾಂಚಿನವರು ಮಾತ್ರ ತಮ್ಮ ಕಂಪ್ಯೂಟರಿನಲ್ಲಿ ತೆರೆದು ಹಳೆಯ ಸುತ್ತೋಲೆ, ಪತ್ರ ಓದಿಕೊಳ್ಳುವಂಥದ್ದು. ಯಾವ ಸಾಫ್ಟ್‌ವೇರ್‌ನಲ್ಲಿ ಮಾಡಬೇಕು ಅನ್ನುವುದನ್ನು ನಾನೇ ಆರಿಸಬೇಕಂತೆ.

"ಮುಂದಿನ ಸೋಮವಾರ ಡೈರೆಕ್ಟರ್ ಬರ್ತಾರೆ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ ಮೇಡಂ, ಬೇರೆಯವರನ್ನ ನೋಡ್ಕೋತೀನಿ" ಎಂದರು. ಆ ಕೊನೇ ಮಾತು ಕೇಳಿದ್ದೇ, ಆಗುತ್ತೆ ಸರ್ ಎಂದುಬಿಟ್ಟೆ.

ಮೈಸೂರಿನ ಅಂಗಡಿಯಿಂದ ಮೂರು ಸಿ.ಡಿ. ತಂದೆ. ಮೊದಲನೆಯದನ್ನು ಹಾಕಿದರೆ ನಮ್ಮ ಹಳೇ ಕಂಪ್ಯೂಟರು ಅಲ್ಲಾಡದೆ ನಿಂತುಬಿಡುತ್ತಿತ್ತು. ಎರಡನೆಯದು ನೋಡಲು ಭಾರೀ ಚೆಂದ. ಮೌಸಿನಲ್ಲಿ ಎಳೆದು ಇಟ್ಟರೆ ಪುಟ ಸಿದ್ಧ, ಪತ್ರಗಳನ್ನು ನಂಬರಿನ ಪ್ರಕಾರ ತಾನೇ ಜೋಡಿಸುತ್ತಿತ್ತು. ಮೂರನೆಯದು ಬಿಟ್ಟಿ ಸಿಕ್ಕಿದ್ದು. ಎಲ್ಲವನ್ನೂ ಕೈಯಲ್ಲೇ ಟೈಪು ಮಾಡಬೇಕು, ಬಣ್ಣವಿಲ್ಲ, ತಾರೀಕಿನ ಪ್ರಕಾರ ಒಂದು ಸಪ್ಪೆ ಪಟ್ಟಿ, ಅಷ್ಟೇ. ಅದನ್ನು ಬ್ಯಾಗಿನ ತಳಕ್ಕೆ ಹಾಕಿ ಎರಡನೆಯದನ್ನು ಆರಿಸಿದೆ.

ನಂಜನಗೂಡಿನ ಪತ್ರಗಳೆಲ್ಲ ಸಲೀಸಾಗಿ ಕೂತವು. ನರಸೀಪುರದ್ದು ಶುರು ಮಾಡಿದ್ದೇ ತಡ, ಗ್ರಹಚಾರ ಕಾದಿತ್ತು. ನಡುವೆ ಒಂದು ನಂಬರು ತಪ್ಪಿದರೂ ಆ ಸಾಫ್ಟ್‌ವೇರ್ ಮುಂದಕ್ಕೆ ಹೋಗಲು ಒಪ್ಪುತ್ತಿರಲಿಲ್ಲ. ನರಸೀಪುರದ ಪತ್ರಗಳಲ್ಲೋ ಅಲ್ಲೊಂದು ಇಲ್ಲೊಂದು ನಂಬರೇ ಇಲ್ಲ. ಪತ್ರ ಕಳೆದಿದ್ದಾರೆ ಎಂದುಕೊಂಡೆ. ಅಲ್ಲಿ ಪತ್ರಗಳಿಗೆ ನಂಬರು ಹಾಕಿ ರಿಜಿಸ್ಟರಿಗೆ ಏರಿಸುತ್ತಿದ್ದ ಡಿಸ್ಪ್ಯಾಚ್ ಗುಮಾಸ್ತರು ಗುರುಮಲ್ಲಪ್ಪ, ಪಕ್ಕದ ಸೋಸಲೆ ಊರಿನವರು. ಫೋನು ಮಾಡಿದರೆ ರಜೆಯಲ್ಲಿದ್ದಾರೆ ಎಂದರು. ಯಾಕೆ ರಜೆ ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ನರಸೀಪುರಕ್ಕೆ ಹೋದೆ. ವಾಚ್‌ಮನ್ ಮಾದಯ್ಯ ಬ್ರಾಂಚಿನ ಬಾಗಿಲು ತೆಗೆದುಕೊಟ್ಟ. ರಿಜಿಸ್ಟರು ಗುರುಮಲ್ಲಪ್ಪನವರ ಬೀರುವಿನಲ್ಲಿ, ಬೀರುವಿಗೆ ಬೀಗ. ಹೊರಗಿದ್ದ ಫೈಲುಗಳನ್ನೆಲ್ಲ ನೆಲಕ್ಕೆ ಸುರಿದುಕೊಂಡು ಹುಡುಕಿದೆ. ಮಧ್ಯಾಹ್ನವಾದರೂ ತಪ್ಪಿದ ಒಂದು ನಂಬರೂ ಸಿಗಲಿಲ್ಲ. ನಾಳೆ ಮ್ಯಾನೇಜರ ಮುಂದೆ ಏನೆಂದು ನಿಲ್ಲಲಿ, ಮನೆಗೆ ಹೋಗಿ ಏನೆಂದು ಹೇಳಲಿ? ಮೇಜಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತುಬಿಟ್ಟೆ.

"ಯಾಕವ್ವಾ, ಇಂಗೆ ಅಳ್ತಾ ಕುಂತಿದ್ದೀಯಲ್ಲ?"

ಗುರುಮಲ್ಲಪ್ಪ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಸದಾ ಇರುತ್ತಿದ್ದ ಸೋಡಾಬುಡ್ಡಿ ಕನ್ನಡಕ ಅವತ್ತು ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಸೋಸಲೆ ಪಕ್ಕದಲ್ಲೇ ತಾನೆ, ಬಂದಿದ್ದಾರೆ ಎಂದುಕೊಂಡೆ. ಕಿಟಕಿಯಿಂದಲೇ ಮಾದಯ್ಯನಿಗೆ ಎರಡು ಟೀ ಕೂಗಿ ಹೇಳಿ, ನನ್ನ ಸಂಕಟವನ್ನೆಲ್ಲ ಅವರ ಮುಂದೆ ತೋಡಿಕೊಂಡೆ.

"ಆ ನಂಬರ್‌ಗಳು ಸಿಗಾಕಿಲ್ಲ ಕಣವ್ವ. ಇದ್ರೆ ತಾನೆ ಸಿಗೋದು?" ಎಂದರು. "ಮೇಲಿನೋರು ಇವತ್ತು ಬರ್ದು ಓದ್ ತಿಂಗ್ಳ ತಾರೀಕು ಆಕ್ತಾರೆ. ಅಂತಾ ಕಾಗ್ದುಕ್ಕೆ ಬೇಕಾಯ್ತದೆ ಅಂತ ಅಲ್ಲಲ್ಲಿ ಒಂದೊಂದು ನಂಬರ್ ಖಾಲಿ ಬುಟ್ಟಿರ್ತೀನಿ. ಅವ್ರೇ ಏಳಿರೋದು."

ಯಾವ ಯಾವ ನಂಬರು ಖಾಲಿ ಎಂದು ಬಾಯಿಪಾಠ ಒಪ್ಪಿಸಿದರು. ನನ್ನ ಚೀಟಿಯಲ್ಲಿದ್ದ ನಂಬರುಗಳೇ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

"ನಂಬರ್ ಕೇಳೋ ಸಾಫ್ಟೇರ್ ನಮ್ಗೆ ಆಗಿಬರಾಕಿಲ್ಲ. ತಾರೀಕಿನ್ ಮೇಲೆ ಓಗೋದು ಯಾವ್ದೂ ಇಲ್ವಾ?"

ಬ್ಯಾಗಿನ ತಳದಲ್ಲಿದ್ದ ಮೂರನೇ ಸಿ.ಡಿ. ನೆನಪಾಗಿ, ಬ್ರಾಂಚಿನ ಕಂಪ್ಯೂಟರಿಗೆ ಹಾಕಿದೆ. ಅವರು ಪಕ್ಕದಲ್ಲಿ ಕೂತು ತಾರೀಕು ಹೇಳುತ್ತ ಹೋದರು, ನಾನು ಟೈಪು ಮಾಡುತ್ತ ಹೋದೆ. ಕೊನೆಯಲ್ಲಿ ಹೇಳಿದರು, "ಈ ಇಚಾರ ನಿನ್ ಒಟ್ಟೇಲೇ ಇರ್ಲಿ ತಾಯಿ. ಗೊತ್ತಾದ್ರೆ ನನ್ ತಲೆಗೇ ಬರೋದು. ರಿಟೈರ್ ಆಗಾಕೆ ಇನ್ನು ಎಂಟೇ ತಿಂಗ್ಳು."

"ನನ್ನ ಮಗಳಾಣೆಗೂ ಬಾಯಿ ಬಿಡಲ್ಲ ಸರ್" ಎಂದೆ. ಕೆಲಸ ಮುಗಿಸಿ ತಿರುಗಿ ನೋಡಿದರೆ ಅವರಿಲ್ಲ. ಬಸ್ಸಿಗೆ ಹೊತ್ತಾಯಿತೇನೋ ಎಂದು ನಾನೂ ಹೊರಟೆ.

ಸೋಮವಾರ ಬೆಳಗಿನ ಜಾವವೇ ಆಫೀಸಿಗೆ ಹೋಗಿ ನಂಜನಗೂಡಿನ ಪತ್ರಗಳನ್ನೂ ಅದಕ್ಕೇ ಏರಿಸಿದೆ. ಸೈಟು ಎರಡೂ ಕಡೆ ತೆರೆದುಕೊಂಡಿತು. ಡೈರೆಕ್ಟರು ನೋಡಿ ತಲೆದೂಗಿದರು. ಆಮೇಲೆ, "ಇಷ್ಟು ಸಪ್ಪೆಯಾಗಿರೋದನ್ನ ಯಾಕೆ ಆರಿಸಿದ್ರಿ? ಚೆನ್ನಾಗಿರೋದು ಇನ್ನೊಂದಿತ್ತಂತಲ್ಲ?" ಎಂದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮ್ಯಾನೇಜರ ಮುಖ ಕೆಂಪಾಗಿತ್ತು. ಗೊತ್ತಿಲ್ಲ ಸರ್ ಅನ್ನಬಹುದಿತ್ತು. ಹಳೇ ಕಂಪ್ಯೂಟರಿಗೆ ಇದೇ ಸರಿ ಅನ್ನಬಹುದಿತ್ತು. ನನ್ನ ನಾಲಗೆಗೆ ಏನು ಬಡಿದಿತ್ತೋ, ಎಲ್ಲಿ ದಡ್ಡಿ ಅಂದುಬಿಡುತ್ತಾರೋ ಎಂಬ ಭಯಕ್ಕೆ ಖಾಲಿ ನಂಬರುಗಳ ವಿಷಯವನ್ನೆಲ್ಲ ಒದರಿಬಿಟ್ಟೆ. "ಖಾಲಿ ನಂಬರಾ?" ಎಂದರು ಡೈರೆಕ್ಟರು, ಮೆಲ್ಲಗೆ.

ನನ್ನ ಕೆಲಸ ಕಾಯಂ ಆಯಿತು. ಗುರುಮಲ್ಲಪ್ಪನವರನ್ನು ಅದೇ ತಿಂಗಳು ಮನೆಗೆ ಕಳಿಸಿದರು. ಹಿಂದಿನ ತಾರೀಕು ಹಾಕಿ ಬರೆಯುತ್ತಿದ್ದ ದೊಡ್ಡವರನ್ನು ಯಾರೂ ಏನೂ ಕೇಳಲಿಲ್ಲ.

ಕಾಲಿಗೆ ಬಿದ್ದು ಕ್ಷಮೆ ಕೇಳೋಣ ಎಂದು ಸೋಸಲೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು, ಒಂದು ಕಣ್ಣಿಗೆ ಹಸಿರು ಬಟ್ಟೆ.

"ಬೀರು ಬೀಗ ಎಂಗವ್ವ ತಗ್ದೆ?" ಎಂದರು ನನ್ನನ್ನು ನೋಡಿದ್ದೇ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

"ನೀವೇ ಹೇಳಿದ್ದಲ್ವಾ ಸರ್, ಆ ಭಾನುವಾರ?"

ಅವರ ಹೆಂಡತಿ ಒಳಗಿನಿಂದ ಬಂದರು. "ಯಾವ್ ಭಾನ್ವಾರವ್ವ? ಸನಿವಾರ ಮೈಸೂರಾಸ್ಪತ್ರೇಲಿ ಕಣ್ ಆಪರೇಸನ್ ಆಯ್ತು. ಭಾನ್ವಾರೆಲ್ಲ ಕಣ್ಗೆ ಬಟ್ಟೆ ಕಟ್ಟಿ ಮಲಗ್ಸಿದ್ರು. ನಾನೇ ಗಂಜಿ ಕುಡ್ಸಿದ್ದು."

ನಾನು ಅತ್ತೆ. ಬಂದಿದ್ದಿರಿ, ಪಕ್ಕದಲ್ಲಿ ಕೂತಿದ್ದಿರಿ, ನಂಬರು ಹೇಳಿದಿರಿ ಎಂದು ಹುಚ್ಚಿಯ ಹಾಗೆ ಅದನ್ನೇ ಹೇಳಿದೆ. ಅವರು ಬಟ್ಟೆಯಿಲ್ಲದ ಕಣ್ಣನ್ನು ನನ್ನತ್ತ ತಿರುಗಿಸಿದರು.

"ಬಂದಿದ್ರೂ ನನ್ ಅನ್ನಕ್ಕೆ ನಾನೇ ಕಲ್ಲಾಕೋ ಮಾತ ನಿಂಗೆ ಏಳ್ತಿದ್ನಾ ತಾಯಿ?"

ವಾಪಸ್ಸು ಬರುವಾಗ ನರಸೀಪುರದಲ್ಲಿ ಇಳಿದು ಮಾದಯ್ಯನನ್ನು ಹಿಡಿದು ಕೇಳಿದೆ. "ನೀವೊಬ್ರೇ ಮೇಡಮ್ನೋರೆ ಇದ್ದುದ್ದು. ಬಾಗ್ಲಲ್ಲೇ ಕುಂತಿದ್ನಲ್ಲ ನಾನು. ಎರಡ್ ಟೀ ಯಾಕೆ ಅಂತ ನಂಗೂ ಅನ್ನುಸ್ತು. ಆಮ್ಯಾಕ್ ನೋಡುದ್ರೆ ಎರಡ್ ಲೋಟಾನೂ ಖಾಲಿಯಾಗಿತ್ತು" ಎಂದ. ಎರಡನೇ ಲೋಟ ನಾನು ಕುಡಿದ ನೆನಪಿಲ್ಲ.

ಗುರುಮಲ್ಲಪ್ಪ ಈಗಿಲ್ಲ. ನಾನು ಬೀರು ಒಡೆದವಳು ಎಂದು ನಂಬಿಕೊಂಡೇ ಹೋದರು. ಅತ್ತು ಅತ್ತು ನಿದ್ದೆ ಹತ್ತಿರಬೇಕು, ಕನಸಿರಬೇಕು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಆದರೆ ಆ ನಂಬರುಗಳು ಯಾಕೆ ಖಾಲಿ ಎಂಬುದು ನನಗೆ ಕನಸಿನಲ್ಲಿ ಹೇಗೆ ಗೊತ್ತಾಗಬೇಕು?

ಮಗಳಿಗೆ ಈಗ ಮದುವೆಯಾಗಿದೆ. ಅವಳಿಗೆ ಸ್ವಲ್ಪ ಮೈ ಬಿಸಿಯಾದರೂ, ಯಾವುದನ್ನೂ ನಂಬದ ನಾನು ನಡುಗಿಹೋಗುತ್ತೇನೆ. ಅವರು ಅವತ್ತು ಬಂದೇ ಇರಲಿಲ್ಲ ಎಂದಾದರೆ, ನಾನು ಮಗಳ ಮೇಲೆ ಆಣೆ ಇಟ್ಟದ್ದು ಯಾರ ಮುಂದೆ?