ದರ್ಜಿ ಕಂಡ ಕಪ್ಪು ಕೊಕ್ಕರೆ

ದರ್ಜಿ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬಂದವೆಂದರೆ ಅರ್ಧ ಹೊಲಿದ ತೋಳು ಮಿಷನ್ನಿನಲ್ಲೇ ಇರುತ್ತಿತ್ತು, ಅವನು ಮಾತ್ರ ಊರಾಚೆಯ ಹೊಲಗಳಲ್ಲಿರುತ್ತಿದ್ದ. "ಮದುವೆ ನಾಳೆ ಕಣಯ್ಯಾ!" ಎಂದು ಗಿರಾಕಿ ರೇಗಿದರೆ, "ಮದುಮಗ ನಾಳೆನೂ ಇಲ್ಲೇ ಇರ್ತಾನೆ ಸ್ವಾಮಿ, ಅಂಬರಗುಬ್ಬಿ ಇರಲ್ಲ" ಎನ್ನುತ್ತಿದ್ದ. ಬೇರೆ ದರ್ಜಿಗಳ ಕೆಲಸವನ್ನು ಎಂದೂ ಹೊಗಳದವನು ಚಿಟ್ಟೆಯ ರೆಕ್ಕೆಯ ಅಂಚು ಕಂಡರೆ "ಇದು ನನ್ನ ಕೈಲಾಗಲ್ಲಪ್ಪ" ಎಂದು ಒಪ್ಪಿಕೊಳ್ಳುತ್ತಿದ್ದ. ಕಂಡದ್ದೆಲ್ಲ ಅಳತೆ ಪುಸ್ತಕದಲ್ಲಿ, ಗಿರಾಕಿಗಳ ಸೊಂಟದ ಸುತ್ತಳತೆಯ ಪಕ್ಕದಲ್ಲೇ, ತಾರೀಕಿನ ಸಮೇತ ದಾಖಲಾಗುತ್ತಿತ್ತು. ಆ ಕಡೆ ಯಾರೂ ಕಾಣದ ಕಪ್ಪು ಕೊಕ್ಕರೆಯನ್ನು ಕಂಡನೆಂದು ಒಮ್ಮೆ ಅವನ ಹೆಸರು ಪೇಪರಿನಲ್ಲೂ ಬಂದಿತ್ತು. ಗೆಳೆಯ ಅಂಚೆಯಣ್ಣ ಆ ಸುದ್ದಿಯನ್ನು ಟಪಾಲಿನ ಜೊತೆ ಮನೆಮನೆಗೂ ಹಂಚಿ ಬೀಗಿದ್ದ. ಸಾಯುವ ಹಿಂದಿನ ದಿನ, ಸೋಮವಾರ, ಹಾಸಿಗೆಯ ಪಕ್ಕ ಕೂತಿದ್ದ ಅಂಚೆಯಣ್ಣನಿಂದ ದರ್ಜಿ ಆ ಅಳತೆ ಪುಸ್ತಕ ತರಿಸಿಕೊಂಡು ಹೇಳಿದ: "ಅವತ್ತು ಎದುರು ಬಿಸಿಲಿತ್ತು ಕಣೋ. ಎದುರು ಬಿಸಿಲಿಗೆ ಎಲ್ಲಾ ಕೊಕ್ಕರೆನೂ ಕಪ್ಪೇ." "ಬಿಡೋ, ಈಗ್ಯಾರು ಕೇಳ್ತಾರೆ?" "ಯಾರೂ ಕೇಳಲ್ಲ. ನಂಬಿಬಿಡ್ತಾರೆ, ಅದೇ ಕಷ್ಟ." ಗೆಳೆಯನ ಹೆಸರು ಪೇಪರಿನಲ್ಲಿ ಬಂದ ದಿನಕ್ಕಿಂತ ಹೆಚ್ಚಿನ ಹೆಮ್ಮೆಯಿಂದ ಅಂಚೆಯಣ್ಣ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ದರ್ಜಿ ಕಪ್ಪು ಕೊಕ್ಕರೆಯ ಸಾಲಿನ ಮೇಲೆ, ಬಟ್ಟೆ ಕತ್ತರಿಸುವಾಗಿನಷ್ಟೇ ನೇರವಾಗಿ, ಒಂದು ಗೆರೆ ಎಳೆದ.