ಹಾರದ ಕೊಕ್ಕೆ

ಡೊಂಬಿವಲಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದ ವಿಜಾಪುರದ ಕಡೆಯವರೊಬ್ಬರು, ಚಿತ್ರ ಕೈಗೆ ಬಂದೊಡನೆ ಅಂಗಿಯ ತೋಳಿನಿಂದ ಅದರ ಧೂಳು ಒರೆಸಿ ಒಂದೇ ಮಾತು ಕೇಳುತ್ತಿದ್ದರು: “ಅದಾರೇನ್ರಿ, ಹೋಗ್ಯಾರೇನ್ರಿ?” ತೀರಿ ಹೋದವರಾದರೆ ಹಾರ ಹಾಕಲು ಕಟ್ಟಿನ ಮೇಲೆ ಎರಡು ಕೊಕ್ಕೆ ಕೂರಿಸುತ್ತಿದ್ದರು.

ನಾನೊಮ್ಮೆ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಚಿತ್ರವೊಂದನ್ನು ಒಯ್ದೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಕಲಾವಿದನೊಬ್ಬ ಬರೆದ ತನ್ನ ಅಪ್ಪನ ಚಿತ್ರ ಅದು. ಮುದುಕ ಕಿಟಕಿಯ ಬಳಿ ಕೂತು ಕನ್ನಡಕ ಒರೆಸುತ್ತಿದ್ದಾನೆ. ಅವರು ಎಂದಿನಂತೆ ಕೇಳಿದರು.

“ಹೋಗಿ ನೂರು ವರ್ಷದ ಮೇಲಾಯ್ತು ಮಾರಾಯ್ರೆ,” ಎಂದು ನಕ್ಕೆ.

ಅವರು ನಗಲಿಲ್ಲ. “ಚಷ್ಮಾ ಒರಸಾಕತ್ತಾರ. ಅಂದ್ರ ಇನ್ನೂ ಏನೋ ನೋಡೂದೈತಿ. ಹೋಗ್ಯಾರ ಅಂತ ಹೆಂಗ ಅಂತೀರಿ?”

ಕೊಕ್ಕೆ ಹಾಕಲಿಲ್ಲ.

ಎರಡು ವರ್ಷದ ಮೇಲೆ ನನ್ನ ಅಪ್ಪನ ಫೋಟೋ ಒಯ್ದೆ. ಬಾಲ್ಕನಿಯಲ್ಲಿ ಚಹಾದ ಕಪ್ಪನ್ನು ಬಾಯಿಗೆ ಒಯ್ಯುತ್ತಿದ್ದ ಫೋಟೋ. ಅವರು ಅದೇ ಪ್ರಶ್ನೆ ಕೇಳಿದಾಗ ನಾನು ಕೊಕ್ಕೆಗಳ ಡಬ್ಬಿಯತ್ತ ಕೈ ತೋರಿಸಿದೆ. ಅವರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು.

“ಇನ್ನೂ ಚಾ ಕುಡಿಯಾಕತ್ತಾರಲ್ರಿ,” ಎಂದು ಕೊಕ್ಕೆಗಳ ಡಬ್ಬಿಯನ್ನು ಅತ್ತ ಸರಿಸಿದರು.

ಈಗ ಸಾನಪಾಡಾದ ನಮ್ಮ ಮನೆಗೆ ಹೊಸದಾಗಿ ಬಂದವರು ಹಾರವಿಲ್ಲದ ಆ ಫೋಟೋ ನೋಡಿ, “ಅಪ್ಪ ಹೊರಗೆ ಹೋಗಿದ್ದಾರಾ?” ಎಂದು ಕೇಳುತ್ತಾರೆ. ಕಟ್ಟು ಹಾಕಿದವರನ್ನು ಮನಸ್ಸಿನಲ್ಲೇ ನೆನೆದು, ಹೌದೆನ್ನುತ್ತೇನೆ.